ಗೀಸರ್: ಹೆಸರು ಬಂತು, ನೀರು ಬರಲಿಲ್ಲ

ಸೋಪು, ಬಕೆಟ್ಟು, ಮಗ್ಗು, ಟವೆಲ್ಲು, ಶವರು. ನಮ್ಮ ಬಚ್ಚಲುಮನೆಯಲ್ಲಿ ಇಂಗ್ಲಿಷಿನಿಂದ ಬಂದ ಮಾತುಗಳಿಗೆ ಬರವಿಲ್ಲ. ಎಲ್ಲವೂ ಕೊನೆಗೊಂದು ಉಕಾರ ಹಚ್ಚಿಕೊಂಡು ಮನೆಯವೇ ಆಗಿಹೋಗಿವೆ. ಅವುಗಳ ತಲೆಯ ಮೇಲೆ ಗೋಡೆಗೆ ನೇತುಬಿದ್ದಿರುವ ಗೀಸರ್ ಮಾತ್ರ ಬೇರೆ ಕುಲದ್ದು. ಅದು ನಮಗೆ ಇಂಗ್ಲಿಷಿನವರ ಕೈದಾಟಿ ಬಂದದ್ದು ನಿಜ, ಆದರೆ ಅವರೂ ಅದನ್ನು ಕಡ ತಂದವರೇ. ಅಂಗಡಿ ಬೋರ್ಡುಗಳಲ್ಲಿ ಗೀಸರ್, ಗೀಝರ್, ಗೀಜರ್ ಎಂದು ಮೂರು ತರದಲ್ಲಿ ಬರೆದಿರುತ್ತಾರೆ. ಮೂರಕ್ಕೂ ಮೂಲ ಒಂದೇ ಬಿಸಿನೀರಿನ ಗುಂಡಿ. ಅದಿರುವುದು ಐಸ್‌ಲೆಂಡಿನಲ್ಲಿ, ರಾಜಧಾನಿ ರೇಕ್ಯವಿಕ್‌ನಿಂದ ಪೂರ್ವಕ್ಕೆ ಹೊರಟರೆ ಒಂದೆರಡು ಗಂಟೆಯೊಳಗೆ ಸಿಗುವ ಹೌಕದಾಲುರ್ ಎಂಬ ಕಣಿವೆಯಲ್ಲಿ.

ಹೌಕದಾಲುರ್‌ನ ಬಿಸಿನೀರಿನ ಬುಗ್ಗೆಗಳ ಮಾತು ಅಲ್ಲಿನ ಬರಹಗಳಲ್ಲಿ ಮೊದಲು ಸಿಗುವುದು 1294ರಲ್ಲಿ. ಆ ವರ್ಷದ ಭೂಕಂಪದಲ್ಲಿ ಹಳೆಯ ಬುಗ್ಗೆಗಳು ಮುಚ್ಚಿ ಹೊಸವು ತೆರೆದುಕೊಂಡವಂತೆ. ಗುಂಡಿಗೆ 'ಗೇಯ್ಸಿರ್' ಎಂಬ ಹೆಸರು ಬರಹದಲ್ಲಿ ಕಾಣಿಸುವುದು ಮುನ್ನೂರೈವತ್ತು ವರ್ಷ ಕಳೆದ ಮೇಲೆ, 1647ರಲ್ಲಿ. ಹಳೆಯ ನಾರ್ಸ್ ಭಾಷೆಯಲ್ಲಿ 'ಗೇಯ್ಸ' ಎಂದರೆ ಉಕ್ಕು, ರಭಸದಿಂದ ನುಗ್ಗು. ಗೇಯ್ಸಿರ್ ಅಂದರೆ ಉಕ್ಕುವವನು, ನಮ್ಮ ಬಾಯಲ್ಲಿ 'ಚಿಮ್ಮಣ್ಣ' ಎನ್ನಬಹುದು. ಗಮನಿಸಬೇಕಾದ್ದು, ಇದು ಬುಗ್ಗೆಗಳ ಜಾತಿಯ ಹೆಸರಲ್ಲ. ಒಂದೇ ಒಂದು ಬುಗ್ಗೆಗೆ ಊರವರು ಕರೆದ ಹೆಸರು. ಪಕ್ಕದಲ್ಲೇ ಇರುವ ಇನ್ನೊಂದರ ಹೆಸರು 'ಸ್ಟ್ರೊಕ್ಕುರ್', ಅಂದರೆ ಬೆಣ್ಣೆ ಕಡೆಯುವ ಕೊಳಗ. ಇವತ್ತು ಪ್ರವಾಸಿಗರ ಮೊಬೈಲಿಗೆ ಸಿಗುವುದು ಈ ಸ್ಟ್ರೊಕ್ಕುರ್ ಮಾತ್ರ. ಆರೇಳು ನಿಮಿಷಕ್ಕೊಮ್ಮೆ ಹದಿನೈದಿಪ್ಪತ್ತು ಮೀಟರ್ ಎತ್ತರಕ್ಕೆ ಹಾರುತ್ತದೆ. ಜಗತ್ತಿಗೆಲ್ಲ ಹೆಸರು ಕೊಟ್ಟ ಗೇಯ್ಸಿರ್ ಹೆಚ್ಚಿನ ದಿನ ಮಲಗಿಯೇ ಇರುತ್ತಾನೆ. 2000ದ ಭೂಕಂಪ ಅವನನ್ನು ಎಬ್ಬಿಸಿದಾಗ ನೂರು ಮೀಟರಿಗೂ ಮೇಲೆ ನೀರು ಎರಚಿ, ಮತ್ತೆ ಮಗುಚಿಕೊಂಡ. ಇಪ್ಪತ್ತನೇ ಶತಮಾನದಲ್ಲಿ ಹಬ್ಬದ ದಿನ ಅವನನ್ನು ಏಳಿಸಲು ಗುಂಡಿಗೆ ಸೋಪು ಸುರಿಯುತ್ತಿದ್ದರು. ಸೋಪಿಗೂ ಗೀಸರಿಗೂ ನಂಟು ಅಲ್ಲಿಯೂ ಇತ್ತು ಅನ್ನಿ.

'ಗೇಯ್ಸ'ದ ಒಡಹುಟ್ಟುಗಳು ಇಂದಿನ ಐಸ್‌ಲೆಂಡಿಕ್‌ನಲ್ಲಿ ಚೆನ್ನಾಗಿ ಬದುಕಿವೆ. 'ಗೋಸ್' ಎಂದರೆ ಚಿಮ್ಮುವಿಕೆ. ಜ್ವಾಲಾಮುಖಿ ಸಿಡಿದರೆ ಅದು 'ಎಲ್ಡ್‌ಗೋಸ್', ಬೆಂಕಿಯ ಚಿಮ್ಮು. ಅದೇ 'ಗೋಸ್' ಅಂಗಡಿಯಲ್ಲಿ ಕೇಳಿದರೆ ಸೋಡಾ ಬಾಟಲಿ ಕೊಡುತ್ತಾರೆ. ಬೇರನ್ನು ಇನ್ನೂ ಕೆಳಗೆ ಅಗೆದರೆ ನಮ್ಮ ಕಡೆಗೇ ಬರುತ್ತದೆ. ಇಂಡೋ-ಯುರೋಪಿಯನ್ ಭಾಷೆಗಳ ವಂಶಾವಳಿ ಕಟ್ಟಿದವರು ಇದಕ್ಕೆ 'ಸುರಿ' ಎಂಬ ಅರ್ಥದ ಒಂದು ಮೂಲಧಾತುವನ್ನು ಹೇಳುತ್ತಾರೆ. ಸಂಸ್ಕೃತದಲ್ಲಿ ಅದೇ ಧಾತು 'ಹು' ಆಗಿ ಬೆಂಕಿಗೆ ತುಪ್ಪ ಸುರಿಯಿತು. ಅದರ ಮಕ್ಕಳು ಹೋಮ, ಹವಿಸ್ಸು, ಆಹುತಿ. ಹೋಮಕುಂಡವೂ ಬಚ್ಚಲ ಗೀಸರೂ ದೂರದ ದಾಯಾದಿಗಳು ಎಂದರೆ ಮಡಿವಂತರಿಗೆ ಹೇಗನ್ನಿಸುತ್ತದೋ. ವ್ಯುತ್ಪತ್ತಿಗೆ ಮಡಿ ಮೈಲಿಗೆ ಇಲ್ಲ.

ಒಂದು ಗುಂಡಿಯ ಅಂಕಿತನಾಮ ಎಲ್ಲ ಗುಂಡಿಗಳ ರೂಢನಾಮವಾದದ್ದು ಹೊರಗಿನವರಿಂದ. 1772ರಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ ಹಡಗು ಕಟ್ಟಿಕೊಂಡು ಐಸ್‌ಲೆಂಡಿಗೆ ಹೋದ. ಜೊತೆಯಲ್ಲಿದ್ದ ಸ್ವೀಡನ್ನಿನ ಉನೋ ಫಾನ್ ಟ್ರೋಯ್ಲ್ ಬರೆದ ಪತ್ರಗಳು 1780ರಲ್ಲಿ ಇಂಗ್ಲಿಷಿಗೆ ಬಂದವು. ಓದಿದವರಿಗೆ ಈ ಚಿಮ್ಮುವ ಬಿಸಿನೀರಿಗೆ ತಮ್ಮಲ್ಲಿ ಹೆಸರಿಲ್ಲವೆಂದು ಹೊಳೆಯಿತು. ಇದ್ದ ಹೆಸರನ್ನೇ ಎತ್ತಿಕೊಂಡರು. ನೂರು ವರ್ಷವಾಗುವುದರೊಳಗೆ ಅಮೆರಿಕದ ಯೆಲ್ಲೋಸ್ಟೋನ್‌ನ ಬುಗ್ಗೆಗಳೂ ಗೀಸರುಗಳೇ ಆದವು. ತವರಿನವರು ಮಾತ್ರ ಹಾಗೆ ಕರೆಯುವುದಿಲ್ಲ. ಅವರಿಗೆ ಗೇಯ್ಸಿರ್ ಎಂದರೆ ಈಗಲೂ ಆ ಒಬ್ಬನೇ. ಕುದಿನೀರ ಬುಗ್ಗೆಗೆಲ್ಲ ಅವರ ಮಾತು 'ಹ್ವೆರ್'. ಈಗಿನ ಉಚ್ಚಾರ 'ಕ್ವೆರ್'ಗೆ ಹತ್ತಿರ.

ಈ ಹ್ವೆರ್ ನನಗೆ ಗೀಸರಿಗಿಂತ ಹೆಚ್ಚು ಇಷ್ಟವಾದ ಪದ. ಹಳೆಯ ನಾರ್ಸ್‌ನಲ್ಲಿ ಅದರ ಮೊದಲ ಅರ್ಥ ಬುಗ್ಗೆಯಲ್ಲ; ಒಲೆಯ ಮೇಲಿಡುವ ದೊಡ್ಡ ಪಾತ್ರೆ. ಅಂದರೆ ಹಂಡೆ. ನೆಲದಲ್ಲಿ ಕುದಿಯುತ್ತಿದ್ದ ನೀರನ್ನು ನೋಡಿದ ಆ ಜನಕ್ಕೆ ಹಂಡೆಯೇ ಕಂಡಿತು. ಇದಕ್ಕೂ ಸಂಸ್ಕೃತದಲ್ಲಿ ನೆಂಟನಿದ್ದಾನೆ: 'ಚರು'. ಈಗ ನಾವು ಚರು ಎಂದರೆ ಹೋಮಕ್ಕೆ ಬೇಯಿಸಿದ ಅನ್ನ ಎಂದುಕೊಳ್ಳುತ್ತೇವೆ. ಮೊದಲು ಅದು ಬೇಯಿಸುವ ಪಾತ್ರೆಯ ಹೆಸರು. ಐಸ್‌ಲೆಂಡಿನ ಹ್ವೆರಗೆರ್ದಿ ಎಂಬ ಊರಿನ ಹೆಸರಿನಲ್ಲಿ ಈ ಹಂಡೆ ಕೂತಿದೆ. ಆ ಊರಿನ ಗಾಜಿನಮನೆಗಳಲ್ಲಿ ಬುಗ್ಗೆಯ ಬಿಸಿಗೆ ಟೊಮೆಟೊ ಬೆಳೆಯುತ್ತಾರೆ. ರೈ ಹಿಟ್ಟಿನ ಮುದ್ದೆಯನ್ನು ಡಬ್ಬಿಗೆ ತುಂಬಿ ಬಿಸಿನೆಲದಲ್ಲಿ ಹೂತು, ಮರುದಿನ ಅಗೆದು ತೆಗೆಯುವ ರೊಟ್ಟಿಯೂ ಇದೆ. ಅದು 'ಹ್ವೆರಬ್ರೌದ್', ಹಂಡೆರೊಟ್ಟಿ: ಕಪ್ಪಗೆ, ತುಸು ಸಿಹಿ, ಕತ್ತರಿಸಿದರೆ ಚಾಕುವಿಗೆ ಅಂಟುವಷ್ಟು ಮೆದು.

ಗೇಯ್ಸಿರ್ ಯಾಕೆ ಚಿಮ್ಮುತ್ತಾನೆ ಎಂಬುದನ್ನು ಬಿಡಿಸಿ ಹೇಳಿದವನು ನಮ್ಮ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಎಲ್ಲರೂ ಹೆಸರು ಕೇಳಿದ ರಾಬರ್ಟ್ ಬುನ್ಸೆನ್. 1846ರಲ್ಲಿ ಅವನು ಐಸ್‌ಲೆಂಡಿಗೆ ಹೋಗಿ, ಇನ್ನೇನು ಉಕ್ಕಬೇಕೆಂಬ ಹೊತ್ತಿನಲ್ಲಿ ಗುಂಡಿಯ ಆಳಕ್ಕೆ ಉಷ್ಣಮಾಪಕ ಇಳಿಬಿಟ್ಟ. ತಳದಲ್ಲಿ ನೀರು 120 ಡಿಗ್ರಿಗೂ ಮೇಲಿತ್ತು, ಆದರೂ ಕುದಿಯುತ್ತಿರಲಿಲ್ಲ. ಮೇಲೆ ನಿಂತ ನೀರಿನ ಭಾರ ಅದನ್ನು ಅದುಮಿಟ್ಟಿತ್ತು. ಆ ನೀರಿನ ಕಂಬ ತುಸು ಮೇಲಕ್ಕೆ ಸರಿದರೆ ಸಾಕು, ಒತ್ತಡ ಇಳಿಯುತ್ತದೆ, ಅದುಮಿದ್ದ ನೀರು ಒಮ್ಮೆಲೇ ಆವಿಯಾಗಿ ಮೇಲಿನದನ್ನೆಲ್ಲ ಎತ್ತಿ ಎಸೆಯುತ್ತದೆ. ಗ್ಯಾಸು ಹೊಗೆಯಿಲ್ಲದೆ ಉರಿಯುವಂತೆ ಮಾಡಿದ, ಬುನ್ಸೆನ್ ಹೆಸರಿನ ಬರ್ನರ್ ಬಂದದ್ದು ಇದಾದ ಹತ್ತು ವರ್ಷದೊಳಗೆ. ಗೀಸರ್ ಎಂಬ ಪದದ ಮುಂದಿನ ಜನ್ಮಕ್ಕೆ ಬೇಕಾದದ್ದೂ ಇಂಥ ಗ್ಯಾಸಿನ ಉರಿಯೇ.

ವಿಕ್ಟೋರಿಯಾ ರಾಣಿಯ ಕಾಲದ ಶ್ರೀಮಂತರಿಗೆ ಐಸ್‌ಲೆಂಡ್ ಪ್ರವಾಸ ಒಂದು ಶೋಕಿ. ಲಾರ್ಡ್ ಡಫರಿನ್ 1856ರಲ್ಲಿ ಗೇಯ್ಸಿರ್ ಪಕ್ಕದಲ್ಲಿ ಡೇರೆ ಹಾಕಿ, ಅವನು ಏಳಲಿ ಎಂದು ದಿನಗಟ್ಟಲೆ ಕಾದ. ಆ ಪ್ರವಾಸದ ಮೇಲೆ ಅವನು ಬರೆದ ಪುಸ್ತಕ ಮನೆಮಾತಾಯಿತು. ಇದೇ ಡಫರಿನ್ ಮುಂದೆ ಭಾರತದ ವೈಸರಾಯ್ ಆಗಿ ಬಂದ. ಗೀಸರ್ ಎಂಬ ಶಬ್ದವನ್ನು ಅವನೇ ಇಲ್ಲಿಗೆ ತಂದ ಎನ್ನುವ ಹಾಗಿಲ್ಲ. ಆದರೆ ಗೇಯ್ಸಿರ್‌ನನ್ನು ಕಣ್ಣಾರೆ ಕಂಡವನೊಬ್ಬ ಕಲ್ಕತ್ತೆಯಲ್ಲಿ ಕೂತು ನಮ್ಮನ್ನು ಆಳಿದ್ದುಂಟು. ಪದವನ್ನು ಬಚ್ಚಲಿಗೆ ತಂದವನು ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್. ಬಣ್ಣದ ಅಲಂಕಾರದ ಕಸಬಿನವನು. 1868ರಲ್ಲಿ ಗ್ಯಾಸ್ ಉರಿಸಿ ಹರಿಯುವ ನೀರನ್ನೇ ಬಿಸಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದು ಅದಕ್ಕೆ 'ಗೀಸರ್' ಎಂದು ಹೆಸರಿಟ್ಟ. ಊರಿನವರೆಲ್ಲ ಐಸ್‌ಲೆಂಡಿನ ಬುಗ್ಗೆಯ ಮಾತಾಡುತ್ತಿದ್ದ ಕಾಲ. ವ್ಯಾಪಾರಕ್ಕೆ ಒಳ್ಳೆಯ ಹೆಸರು. ಆ ಯಂತ್ರದಲ್ಲಿ ಹೊಗೆ ಹೊರಹೋಗಲು ಕೊಳವೆ ಇರಲಿಲ್ಲ. ಇವತ್ತಿಗೂ ಚಳಿಗಾಲ ಬಂದರೆ, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. ಪದದ ಜೊತೆಗೆ ಅದರ ಕೇಡೂ ನಡೆದುಬಂದಿದೆ.

ಹೀಗೆ ಒಂದೇ ಪದ ಎರಡು ಸಲ ಯಜಮಾನನನ್ನು ಕಳೆದುಕೊಂಡಿತು. ಒಂದು ಬುಗ್ಗೆಯ ಹೆಸರು ಎಲ್ಲ ಬುಗ್ಗೆಗಳದಾಯಿತು, ಒಬ್ಬನ ಯಂತ್ರದ ಹೆಸರು ಎಲ್ಲ ಯಂತ್ರಗಳದಾಯಿತು. ಅಮೆರಿಕದವರು ಬುಗ್ಗೆಯನ್ನು 'ಗೈಸರ್' ಎನ್ನುತ್ತಾರೆ, ನೀರು ಕಾಯಿಸುವ ಯಂತ್ರಕ್ಕೆ ಆ ಹೆಸರನ್ನು ಇಡುವುದೇ ಇಲ್ಲ. ಇಂಗ್ಲೆಂಡಿನವರ ಬಾಯಲ್ಲಿ ಯಂತ್ರ 'ಗೀಸರ್' ಆಯಿತು. ಬ್ರಿಟಿಷರು ಆಳಿದ ಭಾರತದಲ್ಲಿ, ದಕ್ಷಿಣ ಆಫ್ರಿಕದಲ್ಲಿ ಆ ಉಚ್ಚಾರವೇ ಉಳಿಯಿತು. ಇಂಗ್ಲಿಷಿನಲ್ಲಿ ಮುದುಕನಿಗೆ 'ಗೀಸರ್' ಅನ್ನುವ ಆಡುಮಾತೊಂದಿದೆ. ಕಿವಿಗೆ ಒಂದೇ, ಕುಲ ಬೇರೆ. ತಮಾಷೆಯೆಂದರೆ ಈಗ ಇಂಗ್ಲೆಂಡಿನಲ್ಲೇ ಯಂತ್ರದ ಈ ಹೆಸರು ಹಳತಾಗಿದೆ, ಅಲ್ಲಿ ಬಾಯ್ಲರ್ ಎಂದರೆ ಮಾತ್ರ ತಿಳಿಯುತ್ತದೆ. ನಮ್ಮಲ್ಲಿ ಬಾಯ್ಲರ್ ಮೊದಲು ಬಂದು ಗೀಸರಿಗೆ ಜಾಗ ಬಿಟ್ಟಿತು.

ನಮ್ಮ ಬಚ್ಚಲಿನ ಪದಚರಿತ್ರೆಯನ್ನೂ ಇಲ್ಲಿ ಸ್ವಲ್ಪ ನೋಡಬೇಕು. ಹಳಗನ್ನಡದಲ್ಲಿ ಬಿಸಿನೀರಿಗೆ 'ಬೆನ್ನೀರ್' ಎಂಬ ಚಂದದ ಮಾತಿತ್ತು. ತಣ್ ಸೇರಿದರೆ ತಣ್ಣೀರು, ಕಣ್ ಸೇರಿದರೆ ಕಣ್ಣೀರು, ಬೇಯುವುದರ 'ಬೆ' ಸೇರಿದರೆ ಬೆನ್ನೀರು. ತಮಿಳರಿಗೆ ಈಗಲೂ ವೆನ್ನೀರ್, ತೆಲುಗರಿಗೆ ವೇನ್ನೀಳ್ಳು, ತುಳುವರಿಗೆ ಬೆಂದ್ರ್. ಪುತ್ತೂರಿನ ಇರ್ದೆಯಲ್ಲಿ ಬೆಚ್ಚಗೆ ಒಸರುವ ನೀರಿಗೆ ಬೆಂದ್ರ್ ತೀರ್ಥ ಎಂದೇ ಹೆಸರು. ನಾವು ಕನ್ನಡದವರು ಮಾತ್ರ ತಣ್ಣೀರನ್ನು ಉಳಿಸಿಕೊಂಡು ಬೆನ್ನೀರನ್ನು ಬಿಟ್ಟೆವು. ನೆಲದಿಂದ ಬರುವ ನೀರಿಗೆ ನಮ್ಮಲ್ಲಿ ಸೆಲೆ, ಒರತೆ, ಊಟೆ, ಬುಗ್ಗೆ, ಚಿಲುಮೆ ಎಂದು ಒಂದೊಂದು ಬಗೆಗೆ ಒಂದೊಂದು ಮಾತಿದೆ. ಕುದಿದು ಹಾರುವುದಕ್ಕೆ ಮಾತಿಲ್ಲ, ಏಕೆಂದರೆ ಆ ಪದಾರ್ಥವೇ ನಮ್ಮ ನೆಲದಲ್ಲಿಲ್ಲ.

ನೀರು ಕಾಯಿಸುವ ಪಾತ್ರೆಗಂತೂ ಹಂಡೆಯೇ. ಮರಾಠಿಯ ಹಂಡಾ, ಹಿಂದಿಯ ಹಂಡಿ ಅದರ ನೆಂಟರು. ಮಲೆನಾಡಿನ ಬಚ್ಚಲಲ್ಲಿ ಮಣ್ಣಿನ ಒಲೆಯೊಳಗೆ ಕತ್ತಿನವರೆಗೆ ಹೂತ ತಾಮ್ರದ ಹಂಡೆ. ಕೆಳಗೆ ಅಡಿಕೆ ಹಾಳೆ, ತೆಂಗಿನ ಗರಿ, ಒಣಗಿದ ಮೋಟು. ಹಂಡೆಯ ಹೊರಮೈ ಮಸಿಹಿಡಿದು ಕಪ್ಪು, ಬಾಯಿಯ ಅಂಚು ಮಾತ್ರ ಹುಣಿಸೆಹಣ್ಣಿನಲ್ಲಿ ತಿಕ್ಕಿ ಫಳಫಳ. ದೀಪಾವಳಿಯಲ್ಲಿ ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ಕೊರಳಿಗೆ ಹಿಂಡಲೆಕಾಯಿ ಬಳ್ಳಿಯನ್ನೋ ಹೂವನ್ನೋ ಸುತ್ತಿ, ನೀರು ತುಂಬಿ ಪೂಜೆ. ಗೀಸರಿಗೆ ಆ ಯೋಗವಿಲ್ಲ. ಆಯುಧಪೂಜೆಯ ದಿನ ಕಾರಿಗೆ, ಕಂಪ್ಯೂಟರಿಗೆ ಕುಂಕುಮ ಹಚ್ಚಿದವರೂ ಅದನ್ನು ಮರೆಯುತ್ತಾರೆ. ಪಟ್ಟಣದ ಮನೆಗಳಲ್ಲಿ ಹಂಡೆಯ ಮುಂದಿನ ಅವತಾರ ತಾಮ್ರದ ಬಾಯ್ಲರ್. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಬದಿಗೊಂದು ನಲ್ಲಿ. ತಣ್ಣೀರು ಹೊಯ್ದಷ್ಟೂ ಬಿಸಿನೀರು ಸುರಿಯುವ ಜಾಣ ಯಂತ್ರ. ಅದೂ ಈಗ ಗುಜರಿಯ ಅಥವಾ ಹೋಟೆಲಿನ ಷೋಕೇಸಿನ ಪಾಲು.

ಎಣ್ಣೆನೀರಿಗೆ ಶನಿವಾರ ಪ್ರಶಸ್ತ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಐಸ್‌ಲೆಂಡಿಕ್‌ನಲ್ಲಿ ಶನಿವಾರದ ಹೆಸರೇ 'ಲೌಗರ್‌ದಾಗುರ್', ಮೀಯುವ ದಿನ. 'ಲೌಗ್' ಎಂದರೆ ಮೀಯಲು ಒಗೆಯಲು ಹದವಾದ ಬಿಸಿನೀರಿನ ಕೊಳ. ಕತೆಗಾರ, ಕವಿ, ರಾಜಕಾರಣಿ ಎಲ್ಲವೂ ಆಗಿದ್ದ ಸ್ನೋರಿ ಸ್ಟುರ್ಲುಸನ್ (1179–1241) ತನ್ನ ರೇಕ್ಹೋಲ್ಟ್ ಮನೆಯ ಹತ್ತಿರ ಇಂಥ ಕೊಳ ಇಟ್ಟುಕೊಂಡಿದ್ದ. ಸ್ವಲ್ಪ ದೂರದ ಹ್ವೆರ್‌ನಿಂದ ಕಲ್ಲಿನ ಕಾಲುವೆಯಲ್ಲಿ ಬಿಸಿನೀರು ಅಲ್ಲಿಗೆ ಹರಿದು ಬರುತ್ತಿತ್ತು. ಕೊಳ ಈಗಲೂ ಇದೆ. ಬುಗ್ಗೆ ಇದ್ದಲ್ಲಿಗೆ ನಾವು ಹೋಗುವ ಬದಲು ಬಿಸಿಯನ್ನೇ ನಮ್ಮಲ್ಲಿಗೆ ಕರೆತರುವ ಉಪಾಯ ಆ ಕಾಲಕ್ಕೇ ಹೊಳೆದಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ರೇಕ್ಯವಿಕ್ ಎಂಬ ಹೆಸರಿನ ಅರ್ಥ ಹೊಗೆಯ ಕೊಲ್ಲಿ. ಒಂಬತ್ತನೇ ಶತಮಾನದಲ್ಲಿ ಅಲ್ಲಿ ನೆಲೆಸಲು ಬಂದ ನಾರ್ವೆಯವರು ನೆಲದಿಂದ ಏಳುವ ಬಿಳಿ ಮೋಡ ಕಂಡು ಹೊಗೆ ಎಂದೇ ಕರೆದರು. ಅದು ಬುಗ್ಗೆಗಳ ಆವಿ. ಊರಿನ ಹೆಂಗಸರು ಬಟ್ಟೆಯ ಗಂಟು ಹೊತ್ತು ಮೂರು ಕಿಲೋಮೀಟರ್ ನಡೆದು ಆ ಬುಗ್ಗೆಗಳಲ್ಲಿ ಒಗೆದು ಬರುತ್ತಿದ್ದರು. ಚಳಿಗಾಲದ ಕತ್ತಲಲ್ಲಿ, ಹಿಮಗಾಳಿಯಲ್ಲಿ, ಒದ್ದೆ ಬಟ್ಟೆಯ ಭಾರದೊಂದಿಗೆ ವಾಪಸು. ಅವರು ನಡೆದ ದಾರಿ 'ಲೌಗವೇಗುರ್', ಲೌಗ್‌ಗಳ ಹಾದಿ. ಇವತ್ತು ಅದು ರಾಜಧಾನಿಯ ಮುಖ್ಯ ವ್ಯಾಪಾರಬೀದಿ. ಕೊಂಡು ತಿರುಗುವವರಲ್ಲಿ ಎಷ್ಟು ಜನಕ್ಕೆ ಒಗೆಯುವ ಹೆಂಗಸರ ನೆನಪಿದೆಯೋ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಊರು ಬೆಳೆದು, ಮನೆ ಬೆಚ್ಚಗಿಡಲು ಇಂಗ್ಲೆಂಡಿನ ಕಲ್ಲಿದ್ದಲು ಉರಿಸತೊಡಗಿದ ಮೇಲೆ ಊರಿನ ಹೆಸರು ಬೇರೆ ರೀತಿಯಲ್ಲಿ ನಿಜವಾಯಿತು. 1930ರ ದಶಕದ ಚಿತ್ರಗಳಲ್ಲಿ ರೇಕ್ಯವಿಕ್ ಮೇಲೆ ಕಪ್ಪು ಹೊಗೆ ಕಂಬಳಿಯಾಗಿ ಹೊದ್ದಿದೆ.

ಬಿಡುಗಡೆ ಬಂದದ್ದು ಒಗೆಯುವ ಬುಗ್ಗೆಗಳಿಂದಲೇ. 1928ರಲ್ಲಿ ಅಲ್ಲಿ ಬೋರ್ ಕೊರೆದರು. 87 ಡಿಗ್ರಿಯ ನೀರು, ಸೆಕೆಂಡಿಗೆ 14 ಲೀಟರ್. 1930ರಲ್ಲಿ ಮೂರು ಕಿಲೋಮೀಟರ್ ಕೊಳವೆ ಹಾಕಿ ಒಂದು ಶಾಲೆಗೆ, ಆಸ್ಪತ್ರೆಗೆ, ಸುಮಾರು 60 ಮನೆಗಳಿಗೆ ಆ ನೀರನ್ನು ಕೊಟ್ಟರು. ಹೆಂಗಸರು ಬಟ್ಟೆ ಹೊತ್ತ ದೂರವನ್ನೇ ಈಗ ನೀರು ನಡೆಯಿತು. ಎರಡನೇ ಮಹಾಯುದ್ಧದ ಅಡಚಣೆಗಳ ನಡುವೆ 1943ರಲ್ಲಿ, ಊರಾಚೆಯ ರೇಕಿರ್‌ನಿಂದ ದೊಡ್ಡ ಕೊಳವೆ ಬಂತು. ಆ ನೀರನ್ನು ತುಂಬಿಡಲು ಊರ ನಡುವಿನ ಗುಡ್ಡದ ಮೇಲೆ ಟ್ಯಾಂಕು ಕಟ್ಟಿದರು. ಈಗ ಅಲ್ಲಿರುವ ಆರು ಟ್ಯಾಂಕುಗಳು ಒಂದೊಂದೂ 40 ಲಕ್ಷ ಲೀಟರ್ ಹಿಡಿಯುವಂಥವು. 1991ರಲ್ಲಿ ಅವುಗಳ ನೆತ್ತಿಯ ಮೇಲೆ ಗಾಜಿನ ಗುಮ್ಮಟ ಕೂರಿಸಿ 'ಪೆರ್ಲಾನ್', ಮುತ್ತು ಎಂದು ಹೆಸರಿಟ್ಟರು. ನೀರಿನ ಟ್ಯಾಂಕಿನ ಮೇಲೆ ಊಟದ ಹೋಟೆಲು ಮಾಡಿ, ಅದನ್ನು ಊರಿನ ಗುರುತಾಗಿಸಿದ ಜನ!

ಈ ವ್ಯವಸ್ಥೆಗೆ ಐಸ್‌ಲೆಂಡಿಗರು ಕೊಟ್ಟ ಹೆಸರು 'ಹಿತವೇಯ್ತ'. ಹಿತಿ ಎಂದರೆ ಬಿಸಿ, ಕನ್ನಡದ ಹಿತಕ್ಕೆ ಸಂಬಂಧವಿಲ್ಲ. 'ವೇಯ್ತ' ಎಂದರೆ ಹರಿಸುವುದು, ನೀಡುವುದು. ಬಿಸಿಯನ್ನು ಹಾಯಿಸಿ ಕೊಡುವ ಏರ್ಪಾಡು. ಗೇಯ್ಸಿರ್ ಎಂಬ ಅಬ್ಬರದ ಹೆಸರಿನ ಪಕ್ಕದಲ್ಲಿ ಇದು ನೀರುಗಂಟಿಯಂಥ ಪದ, ಸದ್ದಿಲ್ಲದೆ ಗದ್ದೆಗದ್ದೆಗೂ ನೀರು ತಿರುಗಿಸುವವನು. ಜಗತ್ತು ಎತ್ತಿಕೊಂಡದ್ದು ಅಬ್ಬರದ ಹೆಸರನ್ನು, ಅವರು ಬದುಕಿದ್ದು ಈ ಇನ್ನೊಂದರ ಮೇಲೆ.

1973ರಲ್ಲಿ ಎಣ್ಣೆ ಬೆಲೆ ಏರಿದಾಗಲೂ ಆ ದೇಶದ ಅರ್ಧದಷ್ಟು ಜನ ಎಣ್ಣೆ ಉರಿಸಿಯೇ ಮನೆ ಬೆಚ್ಚಗಿಡುತ್ತಿದ್ದರು. ಆಮೇಲೆ ಸರ್ಕಾರ ಸಾಲ ಕೊಟ್ಟು, ಊರೂರಲ್ಲಿ ಬೋರ್ ಕೊರೆಸಿ, ಹಿತವೇಯ್ತ ಹಾಕಿಸಿತು. ಈಗ ಹತ್ತರಲ್ಲಿ ಒಂಬತ್ತು ಮನೆಗೆ ಭೂಗರ್ಭದ ಬಿಸಿಯೇ. 1990ರಲ್ಲಿ ಶುರುವಾದ ನೆಸ್ಯಾವೆಟ್ಲಿರ್ ಸ್ಥಾವರದಿಂದ 27 ಕಿಲೋಮೀಟರ್ ಕೊಳವೆಯಲ್ಲಿ ನೀರು ನಗರಕ್ಕೆ ಬರುತ್ತದೆ. ಕೊಳವೆಗೆ ಹೊದಿಸಿದ ಹೊದಿಕೆ ಎಷ್ಟು ಚೆನ್ನಾಗಿದೆಯೆಂದರೆ ದಾರಿಯಲ್ಲಿ ಬಿಸಿ ಇಳಿಯುವುದು ಎರಡು ಡಿಗ್ರಿಯಷ್ಟೇ. ಅಲ್ಲಿನ ಭೂಗರ್ಭದ ನೀರನ್ನು ಹಾಗೆಯೇ ಕೊಳವೆಗೆ ಬಿಡುವಂತಿಲ್ಲ, ಕರಗಿದ ಸಿಲಿಕ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಆ ಬಿಸಿಯಿಂದ ತಣ್ಣನೆಯ ಸಿಹಿನೀರನ್ನು ಕಾಯಿಸಿ ಕಳಿಸುತ್ತಾರೆ. ಊರ ಹತ್ತಿರದ ಹಳೆಯ ಬೋರುಗಳ ನೀರು ನೇರವಾಗಿಯೇ ನಲ್ಲಿಗೆ ಬರುತ್ತದೆ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಪ್ರವಾಸಿಗರು ಮೂಗು ಮುಚ್ಚಿಕೊಳ್ಳುತ್ತಾರೆ. ಬೆಳ್ಳಿಯ ಬಳೆ ಹಾಕಿಕೊಂಡು ಮಿಂದರೆ ಕಪ್ಪಾಗುತ್ತದೆ. ಆ ವಾಸನೆಯ ಹೈಡ್ರೋಜನ್ ಸಲ್ಫೈಡೇ ನೀರಲ್ಲಿ ಉಳಿದ ಆಮ್ಲಜನಕವನ್ನು ಹೀರಿ, ಕೊಳವೆಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಮನೆಯ ರೇಡಿಯೇಟರು 75–80 ಡಿಗ್ರಿಯ ನೀರನ್ನು ಪಡೆದು 35 ಡಿಗ್ರಿಗೆ ಇಳಿಸಿ ಬಿಡುತ್ತದೆ. ಅಷ್ಟು ಉಗುರುಬೆಚ್ಚಗಿನ ನೀರನ್ನೂ ಸುಮ್ಮನೆ ಬಿಡದೆ ಫುಟ್‌ಪಾತಿನ ಅಡಿಯ ಕೊಳವೆಗಳಲ್ಲಿ ಹರಿಸುತ್ತಾರೆ. ಮೇಲೆ ಬಿದ್ದ ಹಿಮ ಕರಗಿಹೋಗುತ್ತದೆ. ಕೋಣೆ ಸೆಕೆಯಾದರೆ ನಲ್ಲಿ ತಿರುಗಿಸುವ ಬದಲು ಕಿಟಕಿ ತೆಗೆಯುವ ಚಾಳಿ ಅವರಿಗೆ. ಅಗ್ಗವಾಗಿ ಸಿಕ್ಕ ಬಿಸಿಯ ಅಪವ್ಯಯವೂ ಹಾಗೆಯೇ ಸಲೀಸು.

ಅಂದರೆ ಗೀಸರ್ ಎಂಬ ಪದದ ತವರುಮನೆಯ ಬಚ್ಚಲಲ್ಲಿ ಗೀಸರ್ ಇಲ್ಲ. ಗೋಡೆಗೆ ನೇತುಹಾಕುವುದಕ್ಕೆ ಏನೂ ಬೇಕಿಲ್ಲ, ಊರಿಗೆಲ್ಲ ಒಂದು ಹಂಡೆ. ನಮಗೆ ಬಂದದ್ದು ಹೆಸರು; ನೀರು ಬರಲಿಲ್ಲ. ಒಂದೊಂದು ಮನೆಗೆ, ಒಂದೊಂದು ಬಚ್ಚಲಿಗೆ, ಎರಡು ಕಿಲೋವಾಟಿನ ಒಂದೊಂದು ಪುಟ್ಟ ಹಂಡೆ ಎಂಬ ಏರ್ಪಾಡು ಮಾನ್ ಮಹಾಶಯನ ಕಾಣಿಕೆ, ಐಸ್‌ಲೆಂಡಿನದಲ್ಲ. ಗೇಯ್ಸಿರ್ ಗುಂಡಿಯೂ ಒಮ್ಮೆ ಖಾಸಗಿಯಾದದ್ದುಂಟು. 1894ರಲ್ಲಿ ಜೇಮ್ಸ್ ಕ್ರೇಗ್ ಅದನ್ನು ಕೊಂಡು, ಬೇಲಿ ಹಾಕಿ, ನೋಡಲು ದುಡ್ಡು ಕೇಳಿದ. ಅವನು ಮುಂದೆ ಉತ್ತರ ಐರ್ಲೆಂಡಿನ ಪ್ರಧಾನಿಯಾದವನು. 1935ರಲ್ಲಿ ಒಬ್ಬ ಐಸ್‌ಲೆಂಡಿಗ ಅದನ್ನು ಮರಳಿ ಕೊಂಡು ದೇಶದ ಜನಕ್ಕೆ ಕೊಟ್ಟುಬಿಟ್ಟ.

ಊರಿಗೆಲ್ಲ ಒಂದೇ ಹಂಡೆ ಎಂಬ ಈ ಏರ್ಪಾಡಿಗೆ ಒಂದೊಂದು ಭಾಷೆಯದು ಒಂದೊಂದು ಹೆಸರು. ಫ್ರಾನ್ಸಿನ ಬೆಟ್ಟಸೀಮೆಯಲ್ಲಿ ಷೋಡ್‌ಜೇಗ್ ಎಂಬ ಊರಿದೆ, ಹೆಸರಿನ ಅರ್ಥವೇ ಬಿಸಿನೀರು. 82 ಡಿಗ್ರಿಯ ಬುಗ್ಗೆಯ ನೀರನ್ನು ಅಲ್ಲಿ ಹದಿನಾಲ್ಕನೇ ಶತಮಾನದಲ್ಲೇ ಮರದ ಕೊಳವೆಗಳಲ್ಲಿ ಮನೆಮನೆಗೆ ಹರಿಸಿದ್ದರು. ಫ್ರೆಂಚರು ಈಗ ಇದನ್ನು 'ನಗರ ತಾಪನ' ಎನ್ನುತ್ತಾರೆ. ಜರ್ಮನರದು 'ಫೆರ್ನ್‌ವೆರ್ಮೆ', ಡೇನರದು 'ಫ್ಯೆರ್ನ್‌ವಾರ್ಮ'. ಎರಡರ ಅರ್ಥವೂ ದೂರದ ಬಿಸಿ. ಮ್ಯೂನಿಕ್‌ನಲ್ಲಿ ಬಾಡಿಗೆಗಿರುವ ಕನ್ನಡಿಗ ಎಂಜಿನಿಯರುಗಳಿಗೆ ಫೆರ್ನ್‌ವೆರ್ಮೆ ಹೊಸದಲ್ಲ, ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಅದೊಂದು ಸಾಲು. ಆ ನಗರದ ಅಡಿಯಲ್ಲಿ ಕಿಲೋಮೀಟರುಗಟ್ಟಲೆ ಆಳದ ಸುಣ್ಣಕಲ್ಲಿನಲ್ಲಿ ಕುದಿತಕ್ಕೆ ಹತ್ತಿರವಾದ ನೀರಿದೆ. ಅದನ್ನೆತ್ತಿ ಫೆರ್ನ್‌ವೆರ್ಮೆಗೆ ಸೇರಿಸುವ ಕೆಲಸ ನಡೆದಿದೆ. ಇಂಗ್ಲಿಷಿನವರ ಹೆಸರು 'ಡಿಸ್ಟ್ರಿಕ್ಟ್ ಹೀಟಿಂಗ್'. ಇದನ್ನು ಕನ್ನಡಕ್ಕೆ ಯಥಾವತ್ ಇಳಿಸಿದರೆ 'ಜಿಲ್ಲಾ ತಾಪನ' ಆಗುತ್ತದೆ, ಕೇಳಿದವರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿಯಾರು. ಡಿಸ್ಟ್ರಿಕ್ಟ್ ಎಂದರೆ ಅಲ್ಲಿ ಬಡಾವಣೆ, ಕೇರಿ. ನಾನಂತೂ ಊರಹಂಡೆ ಎಂದೇ ಬರೆಯುತ್ತೇನೆ. ಹ್ವೆರ್ ಎಂಬ ಪದದ ಬಲ ನನ್ನ ಬೆನ್ನಿಗಿದೆ.

ಭೂಗರ್ಭದ ಬಿಸಿ ಸುಲಭವಾಗಿ ಕೈಗೆಟುಕದ ಡೆನ್ಮಾರ್ಕಿನಲ್ಲೂ ಊರಹಂಡೆ ಇದೆ, ಮೂರರಲ್ಲಿ ಎರಡು ಮನೆಗೆ. 1903ರಲ್ಲಿ ಫ್ರೆಡೆರಿಕ್ಸ್‌ಬರ್ಗ್‌ನಲ್ಲಿ ಊರಿನ ಕಸ ಸುಟ್ಟು ಆಸ್ಪತ್ರೆ ಬೆಚ್ಚಗಿಟ್ಟದ್ದು ಮೊದಲು. ಆಮೇಲೆ ಕಲ್ಲಿದ್ದಲು, ಗ್ಯಾಸು. ಈಗ ಹುಲ್ಲು, ಮರದ ಚೂರು, ಬಿಸಿಲು. ಹಂಡೆ ಒಂದೇ ಆದ್ದರಿಂದ ಕೆಳಗಿನ ಉರುವಲು ಬದಲಿಸುವುದು ಸುಲಭ, ಮನೆಮನೆಗೆ ಹೋಗಿ ಒಲೆ ಕೀಳಬೇಕಾಗಿಲ್ಲ. ಅಯ್ರೋ ದ್ವೀಪದ ಮಾರ್ಸ್ಟಾಲ್ ಎಂಬ ಸಣ್ಣ ಊರು 33 ಸಾವಿರ ಚದರ ಮೀಟರ್ ಬಿಸಿಲುಫಲಕಗಳನ್ನು ಹೊಲದಲ್ಲಿ ಹರವಿದೆ. ವೋಯೆನ್ಸ್‌ನಲ್ಲಿ 70 ಸಾವಿರ ಚದರ ಮೀಟರ್. 2016ರಲ್ಲಿ ಸಿಲ್ಕೆಬೋರ್ಗ್‌ನಲ್ಲಿ ಒಂದೂವರೆ ಲಕ್ಷಕ್ಕೂ ಮೇಲೆ. ಮೋಡ ಕವಿದ ಉತ್ತರದೇಶದಲ್ಲಿ ಬಿಸಿಲು ಸಿಗುವುದು ಬೇಸಗೆಯಲ್ಲಿ, ಬಿಸಿ ಬೇಕಾಗುವುದು ಚಳಿಗಾಲದಲ್ಲಿ. ಅದಕ್ಕೆ ವೋಯೆನ್ಸ್‌ನವರು ಹಳೆಯ ಮರಳುಗುಂಡಿಯೊಂದಕ್ಕೆ ಪ್ಲಾಸ್ಟಿಕ್ ಹಾಸಿ, 2 ಲಕ್ಷ ಘನಮೀಟರ್ ನೀರು ತುಂಬಿ, ಮೇಲೆ ದಪ್ಪನೆಯ ತೇಲುವ ಮುಚ್ಚಳ ಹೊದಿಸಿದ್ದಾರೆ. ಜುಲೈನ ಬಿಸಿಲಿಗೆ ಕಾದ ನೀರು ಅಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಪಾತ್ರೆ ದೊಡ್ಡದಾದಷ್ಟೂ ಒಳಗಿನ ನೀರಿಗೆ ಹೋಲಿಸಿದರೆ ಹೊರಮೈ ಕಡಿಮೆ. ಬಿಸಿ ಸೋರುವುದು ಹೊರಮೈಯಿಂದ ಮಾತ್ರ. ಬೆಂಗಳೂರಿನ ತಾರಸಿಯ ಟ್ಯಾಂಕಿನ ನೀರು ಎರಡು ದಿನ ಮೋಡವಾದರೆ ತಣ್ಣಗಾಗುವುದಕ್ಕೂ, ಈ ಗುಂಡಿಯ ನೀರು ಚಳಿಗಾಲದವರೆಗೆ ಬಾಳುವುದಕ್ಕೂ ಕಾರಣ ಇಷ್ಟೇ.

ತಾರಸಿಯ ಮಾತು ಬಂದದ್ದರಿಂದ ಇನ್ನೊಂದು ಪದ. ಬಿಸಿಲುಫಲಕ ಒಂದೇ ತರದ್ದು, ಡೆನ್ಮಾರ್ಕಿನಲ್ಲಿ ಹೊಲದಲ್ಲಿ, ನಮ್ಮಲ್ಲಿ ಮನೆಯ ನೆತ್ತಿಯಲ್ಲಿ. ಸೌರ ಹಂಡೆ ಕೂರಿಸಿದವರಿಗೆ ಕರೆಂಟು ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಕೊಟ್ಟು, ಹೊಸ ಮನೆಗಳಿಗೆ ಕಡ್ಡಾಯ ಮಾಡಿದ್ದರಿಂದ ಬೆಂಗಳೂರಿನಲ್ಲಿ ಅವು ತುಂಬಿಹೋದವು. ಮೊದಮೊದಲು 'ಸೋಲಾರ್ ಗೀಸರ್' ಎನ್ನುತ್ತಿದ್ದರು, ಗುಣವಾಚಕವೊಂದು ಹಿಂದೆ, ನಾಮಪದ ಮುಂದೆ. ಈಗ ಗೀಸರ್ ಉದುರಿ ಬರೀ 'ಸೋಲಾರ್' ಉಳಿದಿದೆ. 'ಸೋಲಾರ್ ಬರ್ತಾ ಇಲ್ಲ, ಗೀಸರ್ ಹಾಕು' ಎಂದು ಮಳೆಗಾಲದ ಬೆಳಿಗ್ಗೆ ಮನೆಯಲ್ಲಿ ಕೂಗುತ್ತಾರಲ್ಲ, ಅಲ್ಲಿ ಸೋಲಾರ್ ಎಂದರೆ ಸೂರ್ಯನೂ ಅಲ್ಲ, ಫಲಕವೂ ಅಲ್ಲ. ನಲ್ಲಿಯಲ್ಲಿ ಬರುವ ಬಿಸಿನೀರು. ನಾವು ಕೈಬಿಟ್ಟ ಬೆನ್ನೀರಿನ ಜಾಗಕ್ಕೆ ಲ್ಯಾಟಿನ್ನಿನ ಸೂರ್ಯ ಬಂದು ಕೂತಿದ್ದಾನೆ.

ಊರಹಂಡೆಗೆ ಮರಳಿದರೆ, ಅದಕ್ಕೊಂದು ತೊಡಕೂ ಉಂಟು: ಹಂಡೆ ಒಂದೇ ಇದ್ದರೆ ಒಡೆದಾಗ ಊರಿಗೆಲ್ಲ ಒಟ್ಟಿಗೆ ಚಳಿ. 2024ರ ಫೆಬ್ರವರಿ 8ರಂದು ಐಸ್‌ಲೆಂಡಿನ ನೈರುತ್ಯದ ಮೂಲೆಯಲ್ಲಿ ಎಲ್ಡ್‌ಗೋಸ್ ಆಯಿತು. ಹರಿದ ಲಾವಾ, ಸ್ವಾರ್ಟ್ಸೆಂಗಿ ಸ್ಥಾವರದಿಂದ ಹೋಗುತ್ತಿದ್ದ ಬಿಸಿನೀರಿನ ಕೊಳವೆಯ ಮೇಲೆ ಹಾದು ಅದನ್ನು ಕತ್ತರಿಸಿತು. ರೇಕ್ಯಾನೆಸ್ ಪರ್ಯಾಯ ದ್ವೀಪದ 20 ಸಾವಿರಕ್ಕೂ ಹೆಚ್ಚು ಜನರ ರೇಡಿಯೇಟರು ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ತಣ್ಣಗಾಯಿತು. ಜನ ಅಂಗಡಿಗೆ ಓಡಿ ಪ್ಲಗ್ಗಿಗೆ ಚುಚ್ಚುವ ವಿದ್ಯುತ್ ಹೀಟರುಗಳನ್ನು ಕೊಂಡರು. ಎಲ್ಲರೂ ಒಟ್ಟಿಗೆ ಹಚ್ಚಿದರೆ ಊರಿನ ವಿದ್ಯುತ್ ಜಾಲ ತಾಳುವುದಿಲ್ಲ, ಮನೆಗೆ ಒಂದೇ ಸಣ್ಣ ಹೀಟರು ಸಾಕು ಎಂದು ಅಧಿಕಾರಿಗಳು ಕೇಳಿಕೊಳ್ಳಬೇಕಾಯಿತು. ದಶಕಗಳಿಂದ ನೀರು ತಾನಾಗಿ ಬಂದು ಬಾಗಿಲು ತಟ್ಟುತ್ತಿದ್ದ ಊರಿಗೆ, ಒಬ್ಬೊಬ್ಬರೂ ತಮ್ಮ ತಮ್ಮ ಬಿಸಿಯನ್ನು ತಾವೇ ಮಾಡಿಕೊಳ್ಳುವಷ್ಟು ದಪ್ಪ ತಂತಿ ಯಾರೂ ಎಳೆದಿರಲಿಲ್ಲ. ಲಾವಾ ಆರುವ ಮೊದಲೇ ಕೆಲಸದವರು ಹೊಸ ಕೊಳವೆ ಬೆಸೆಯಲು ಕೂತರು. ಮೊದಲ ಪ್ರಯತ್ನದ ಕೊಳವೆ ಒಡೆಯಿತು, ಎರಡನೆಯದು ನಿಂತಿತು, ಕೆಲವೇ ದಿನಗಳಲ್ಲಿ ನೀರು ಮನೆಗಳಿಗೆ ತಲುಪಿತು. ರೇಕ್ಯಾನೆಸ್‌ನವರು ಕೊಂಡ ಹೀಟರುಗಳು ಈಗ ಅಟ್ಟದ ಮೇಲಿರಬಹುದು. ಅಲ್ಲಿ ಬೆಂಕಿಯ ಚಿಮ್ಮು ಆಮೇಲೂ ಹಲವು ಸಲ ಆಗಿದೆ.